ಮೊದಲ ನಾಲ್ಕು ಸಾಲು

ಎರಡು ಸಾವಿರದ ದಶಕದಲ್ಲಿ ನಾನು ಪುಣೆಯ ವಿಮಾನ ನಗರದಲ್ಲಿ ನೌಕರಿ ಮಾಡುತ್ತ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದೆ. ಬರೆದದ್ದೆಲ್ಲ ಪೂರ್ತಿಯಾಗಿ ಓದುಗರ ಇ-ಮೇಲಿಗೂ ಹೋಗುತ್ತಿತ್ತು. ಆದರೆ ಇ-ಮೇಲಿನಲ್ಲೇ ಓದಿ ಮುಗಿಸಿದವರು ಬ್ಲಾಗಿಗೆ ಬಂದವರ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಬೇಕಾದರೆ ನನ್ನ ಬಾಗಿಲಿಗೇ ಬರಲಿ ಎಂದು, ಇ-ಮೇಲಿಗೆ ಮೊದಲ ನಾಲ್ಕು ಸಾಲು ಮಾತ್ರ ಹೋಗುವಂತೆ ಮಾಡಿದೆ. ಬಂದವರ ಸಂಖ್ಯೆ ಏರಿತು. ನನ್ನ ಬರವಣಿಗೆಯೇ ಸುಧಾರಿಸಿತೆಂದು ಬೀಗಿದೆ.

ಆ ಸಂಕ್ರಾಂತಿಗೆ ಕನ್ನಡ ಸಂಘದಲ್ಲಿ, ದೇಹೂ ರೋಡಿನ ಗುಮಾಸ್ತರೊಬ್ಬರು ನನ್ನ ಕೈಗೆ ಸಕ್ಕರೆ ಪಾಕ ಹಚ್ಚಿದ ಕುಸರೆಳ್ಳು ಹಾಕಿ, ದನಿ ತಗ್ಗಿಸಿ ಕೇಳಿದರು: “ಆರಾಮ ಇಲ್ಲೇನ್ರಿ? ನಮ್ಮ ಆಫೀಸಿನಾಗ ಮೇಲ್ ಬಿಟ್ರ ಬ್ಯಾರೆ ಏನೂ ತೆರೆಯಂಗಿಲ್ಲ. ನೀವು ಬರದದ್ದು ಪ್ರಿಂಟ್ ತಗದು ಮನ್ಯಾಗ ಅವ್ವಗ ಓದಿ ಹೇಳ್ತಿದ್ದೆ. ಈಗ ನಾಕ ಸಾಲಿಗೇ ನಿಂತಬಿಡ್ತದ. ಪಾಪ, ಬರೀಲಿಕ್ಕೆ ತ್ರಾಸ ಆಗ್ತದೇನೋ ಅಂತ ಅವ್ವ ಮನಸ್ಸಿಗೆ ಹಚ್ಚಿಕೊಂಡಾಳ್ರಿ.”

ನಿಜ ಹೇಳಲು ನಾಲಿಗೆ ಹೊರಳಲಿಲ್ಲ. ಒಳ್ಳೆಯ ಮಾತಾಡಬೇಕಾದ ಹಬ್ಬದ ದಿನ, ಕುಸರೆಳ್ಳು ಬಾಯಲ್ಲಿರುವಾಗಲೇ, “ಹೌದ್ರಿ, ಸ್ವಲ್ಪ ಆರಾಮಿರಲಿಲ್ಲ” ಅಂದುಬಿಟ್ಟೆ.

ಮನೆಗೆ ಬಂದವನೇ ಮತ್ತೆ ಪೂರ್ತಿ ಬರಹ ಹೋಗುವಂತೆ ಮಾಡಿದೆ. ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ಭಾನುವಾರ ಆ ಗುಮಾಸ್ತರು ಎರಡು ಬಸ್ಸು ಬದಲಿಸಿಕೊಂಡು ನಮ್ಮ ಮನೆಗೆ ಬಂದರು. ಅವರ ಕೈಯಲ್ಲೊಂದು ಸ್ಟೀಲಿನ ಡಬ್ಬಿಯಿತ್ತು. ಅದರ ತುಂಬ ಅವರ ಅವ್ವ ನನಗಾಗಿ ಕುಟ್ಟಿದ ಕಷಾಯದ ಪುಡಿ.

ಚೆಲ್ಲುವ ಧೈರ್ಯ ನನಗಾಗಲಿಲ್ಲ. ಇಲ್ಲದ ಬೇನೆಗೆ, ಡಬ್ಬಿಯ ತಳ ಕಾಣುವ ತನಕ, ದಿನಾ ಬೆಳಿಗ್ಗೆ ಕುಡಿದೆ.