ಬಿದಿರಿನ ಬೆಣೆಗೊಂದು ಸಹಿ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಒಂದು ದೊಡ್ಡ ಡಬ್ಬ ಸೊಂದೇಶ್ ಬಂತು. ಹೊಸ ಖರ್ಜೂರದ ಬೆಲ್ಲ ಹಾಕಿದ ಬಂಗಾಳಿ ಸಿಹಿ. ತಂದವರು ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ದಾಸ್‌ಗುಪ್ತ ದಾದಾ.

ಕೋಲ್ಕತ್ತಾದಲ್ಲಿ ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಒಂದು ವಿಷಯ ಕಲಿತಿದ್ದೇನೆ. ಸೊಂದೇಶ್ ಸಣ್ಣ ಡಬ್ಬದಲ್ಲಿ ಬಂದರೆ ಪ್ರೀತಿ. ದೊಡ್ಡ ಡಬ್ಬದಲ್ಲಿ ಬಂದರೆ ಏನೋ ಕೆಲಸವಿದೆ.

"ಬೌದಿ, ಒಂದು ಜಡ್ಜ್‌ಮೆಂಟ್ ಬರೆದುಕೊಡಬೇಕಿತ್ತು" ಎಂದರು. ಬೌದಿ ಎಂದರೆ ಇಲ್ಲಿಯವರ ಬಾಯಲ್ಲಿ ಅತ್ತಿಗೆ.

(ಹೆದರಬೇಡಿ, ನಾನು ಕೋರ್ಟಿನವಳಲ್ಲ.) ನನ್ನ ಕೆಲಸ ಏನೆಂದು ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ, ನೀವು ಮರೆತಿರುತ್ತೀರಿ. ನಮ್ಮ ಮನೆಯವರಿಗೇ ನೆನಪಿರುವುದಿಲ್ಲ. ಕಟ್ಟಡಗಳಲ್ಲಿ ಪೈಪು, ಕೇಬಲ್ಲು ಹೋಗಲು ಗೋಡೆಗೂ ಸ್ಲ್ಯಾಬಿಗೂ ತೂತು ಕೊರೆಯುತ್ತಾರಲ್ಲ, ಆ ತೂತು ಮುಚ್ಚುವ ಕಂಪನಿಯಲ್ಲಿ ನಾನು ಇಂಜಿನಿಯರ್. ಕೆಳಗೆಲ್ಲೋ ಬೆಂಕಿ ಬಿದ್ದರೆ ಹೊಗೆ ಆ ತೂತುಗಳಿಂದಲೇ ಮೇಲೆ ಹತ್ತುತ್ತದೆ. ಮಲಗಿದವರಿಗೆ ಬೆಂಕಿ ಕಾಣುವ ಮೊದಲೇ ಹೊಗೆ ಮುಟ್ಟುತ್ತದೆ. ಅದಕ್ಕೇ ತೂತು, ಪೈಪು, ಮುಚ್ಚುವ ಸಾಮಾನು ಮೂರನ್ನೂ ಒಟ್ಟಿಗೆ ಕುಲುಮೆಗೆ ಹಾಕಿ, ಗಂಟೆಗಟ್ಟಲೆ ಸುಟ್ಟು ನೋಡುತ್ತಾರೆ. ತಡೆದುಕೊಂಡರೆ ಪಾಸ್.

ಆದರೆ ಯಾವ ಕಟ್ಟಡ ತಾನೇ ಡ್ರಾಯಿಂಗಿನಲ್ಲಿದ್ದ ಹಾಗೆ ಎದ್ದಿದೆ? ತೂತು ಸ್ವಲ್ಪ ದೊಡ್ಡದಾಗುತ್ತದೆ, ಪೈಪು ಸ್ವಲ್ಪ ವಾರೆಯಾಗುತ್ತದೆ. ಹಾಗೆ ಸುಟ್ಟು ನೋಡಿದ ಮಾದರಿ ಎಲ್ಲೂ ಇರುವುದಿಲ್ಲ. ಆಗ ನನ್ನಂಥವರು ಹತ್ತಿರದ ಪರೀಕ್ಷೆಗಳನ್ನೆಲ್ಲ ನೋಡಿ, ಲೆಕ್ಕ ಹಾಕಿ, "ಇದೂ ತಡೆದೀತು" ಎಂದು ಬರೆದು ಸಹಿ ಮಾಡಬೇಕು. ಇದಕ್ಕೇ ಇಂಜಿನಿಯರಿಂಗ್ ಜಡ್ಜ್‌ಮೆಂಟ್ ಎನ್ನುವುದು. ಹತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡಿ ಗೊತ್ತಿದ್ದವಳು ಹದಿನೈದು ಜನಕ್ಕೆ ಕಣ್ಣಂದಾಜಿನಲ್ಲೇ ಮಾಡಿಬಿಡುತ್ತಾಳೆ. ಅದೇ ಧೈರ್ಯದಲ್ಲಿ, ಎಂದೂ ಮಾಡಿರದ ಸೊಂದೇಶ್ ಮಾಡಲು ಕೂತರೆ?

ದಾದಾಗೆ ಬೇಕಿದ್ದದ್ದು ಅಂಥ ಸೊಂದೇಶ್.

ಆದದ್ದಿಷ್ಟು. ಹೋದ ದುರ್ಗಾಪೂಜೆಗೆ ಕಟ್ಟಡದ ನೆತ್ತಿಯಿಂದ ದೀಪದ ಸರ ಇಳಿಬಿಟ್ಟಿದ್ದರು. ಅದಕ್ಕೆ ಕರೆಂಟು ಬೇಕಲ್ಲ? ಡೆಕೊರೇಟರ್ ಕಡೆಯವರು ಕೆಳಗಿನಿಂದ ಟೆರೇಸಿನವರೆಗೆ, ಮಹಡಿಯಿಂದ ಮಹಡಿಗೆ ಪೈಪು ಹೋಗುವ ಶಾಫ್ಟಿನೊಳಗೇ ದಪ್ಪ ಕೇಬಲ್ ಎಳೆದರು. ನಮ್ಮ ಮನೆ ಬಾಗಿಲ ಪಕ್ಕದ ಶಾಫ್ಟಿಗೆ ಬಂದಾಗ ಸೂರಿನ ಸ್ಲ್ಯಾಬು ಒಡೆದು, ತೂತು ಪ್ಲಾಸ್ಟಿಕ್ ನೀರಿನ ಪೈಪಿನವರೆಗೂ ಬಾಯಿ ತೆರೆಯಿತು. ಕೇಬಲ್ ಜಾರದಂತೆ ಪೆಂಡಾಲಿನ ಬಿದಿರನ್ನೇ ಸೀಳಿ ಬೆಣೆ ಹೊಡೆದರು. ಮೇಲೆ ಕಿಟಕಿ ಸಂದಿಗೆ ಹೊಡೆಯುವ ಹಳದಿ ಫೋಮ್.

ದೇವಿ ಗಂಗೆಗೆ ಹೋದಳು. ಕೇಬಲ್ ಉಳಿಯಿತು. ಟೆರೇಸಿನ ಹೊಸ ನೀರಿನ ಪಂಪನ್ನೂ ಅದಕ್ಕೇ ಜೋಡಿಸಿದರು. ಈಗ ಫೈರ್ ಇನ್‌ಸ್ಪೆಕ್ಷನ್ ಬಂದಿದೆ. ಬಿದಿರು, ಫೋಮ್, ಪ್ಲಾಸ್ಟಿಕ್, ಕೇಬಲ್ ಎಲ್ಲ ಒಟ್ಟಿಗಿರುವ ಆ ತೂತಿಗೆ "ಪರವಾಗಿಲ್ಲ" ಎಂಬ ಒಂದು ಸಹಿ ಬೇಕು.

"ದಾದಾ, ಬಿದಿರು ಸುಟ್ಟರೆ ಏನಾಗುತ್ತೆ ಅಂತ ನಾನು ಹೇಳಬೇಕಾ?" ಎಂದೆ.

"ಕಿಛು ಹೊಬೆ ನಾ, ಬೌದಿ."

ಏನೂ ಆಗಲ್ಲ! ಈ ದೇಶದ ಎಲ್ಲ ಭಾಷೆಯಲ್ಲೂ ಇರುವ ಜಡ್ಜ್‌ಮೆಂಟ್ ಇದೊಂದೇ. ಅಲಿಪುರದ ಸೈಟಿನಲ್ಲಿ ಹಿಂದಿಯಲ್ಲಿ ಕೇಳಿದ್ದೇನೆ, ಫೋನಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದೇನೆ. ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಈಗ ಸುಸ್ತಾಗುತ್ತದೆ ಅಷ್ಟೆ.

ಆದರೂ ದಾರಿ ಹೇಳಿಕೊಟ್ಟೆ. ಬಿದಿರು, ಫೋಮ್ ಕಿತ್ತುಹಾಕಿ, ಸ್ಲ್ಯಾಬಿನ ಅಂಚು ಕಟ್ಟಿಸಿ, ಕೇಬಲ್ಲಿಗೂ ಪೈಪಿಗೂ ಬೇರೆ ಬೇರೆ ತೂತು ಮಾಡಿದರೆ ಪರೀಕ್ಷೆಯಾದ ಮಾದರಿಯೇ ಇದೆ, ಯಾರ ಜಡ್ಜ್‌ಮೆಂಟೂ ಬೇಡ. ಎರಡು ಮೂರು ದಿನ ಪಂಪು ನಿಲ್ಲಿಸಬೇಕಾಗುತ್ತದೆ, ಅಷ್ಟೆ.

"ನೀರಿಲ್ಲದೆ ಮೂರು ದಿನ? ಜನ ನನ್ನನ್ನೇ ಸುಟ್ಟುಬಿಡ್ತಾರೆ ಬೌದಿ!"

ಇಲ್ಲ ಎಂದೆ. ಡಬ್ಬ ವಾಪಸು ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. (ಅಷ್ಟರಲ್ಲಿ ನಮ್ಮವರು ಎರಡು ತಿಂದಾಗಿತ್ತು.)

ನಮ್ಮವರು ಉಡುಪಿಯವರು, ಬ್ಯಾಂಕಿನಲ್ಲಿದ್ದಾರೆ. ಬಾಗಿಲು ಹಾಕಿದ ಕೂಡಲೇ ಶುರು ಮಾಡಿದರು. "ನಿಂಗೆ ಯಾಕೆ ಮಾರಾಯ್ತಿ ಊರ ಉಸಾಬರಿ? ಒಂದು ಸಹಿ ಹಾಕಿದ್ರೆ ಎಂತ ಆಗ್ತದೆ? ನಾಳೆ ಇವರೊಟ್ಟಿಗೇ ಇರ್ಬೇಕಲ್ಲ."

"ನೀವು ಚಿನ್ನ ನೋಡ್ದೆ ಸಾಲ ಕೊಡ್ತೀರಾ?"

"ಅದು ಬೇರೆ. ಚಿನ್ನಕ್ಕೆ ಒರೆಗಲ್ಲು ಉಂಟು."

"ಇದಕ್ಕೂ ಇದೆ ಕಣ್ರೀ. ಕುಲುಮೆ."

ಆದರೆ ಅವರು ಹೇಳಿದ್ದೂ ಸುಳ್ಳಲ್ಲ. ಮರುದಿನ ಲಿಫ್ಟಿನಲ್ಲಿ ನನ್ನನ್ನು ಕಂಡವರಿಗೆಲ್ಲ ಇದ್ದಕ್ಕಿದ್ದಂತೆ ಮೊಬೈಲಿನಲ್ಲಿ ಕೆಲಸ ಬಂತು. "ಬೌದಿ ಬಹಳ ಸ್ಟ್ರಿಕ್ಟ್" ಎಂದು ಒಬ್ಬರು ನಕ್ಕರು. ಒಂದೇ ಕಟ್ಟಡದಲ್ಲಿ ಇಷ್ಟು ವರ್ಷ ಇದ್ದು, ಇವರ ಪೂಜೆಯ ಖಿಚುಡಿ ಬಡಿಸಿ, ಒಂದು ತೂತಿನಿಂದಾಗಿ ಹೊರಗಿನವಳಾದೆ. ಬೇಜಾರಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಾನು ಹಾಕದಿದ್ದರೆ ಸಹಿ ಏನು ನಿಲ್ಲುತ್ತದೆಯೇ? ಎರಡೇ ದಿನದಲ್ಲಿ ಬೇರೊಬ್ಬ ಇಂಜಿನಿಯರ್ ಸಿಕ್ಕರು. ಅವರು ನಮ್ಮ ಕಟ್ಟಡಕ್ಕೆ ಕಾಲಿಡಲಿಲ್ಲ. ವಾಟ್ಸಾಪಿನಲ್ಲಿ ಫೋಟೋ ನೋಡಿ ಸಹಿ ಹಾಕಿದರು. ಆ ಫೋಟೋ ಕೂಡ ಬಿದಿರು ಕಾಣದ ಕಡೆಯಿಂದ ತೆಗೆದದ್ದು. ಇನ್‌ಸ್ಪೆಕ್ಷನ್ ಮುಗಿಯಿತು, ಗ್ರೂಪಿನಲ್ಲಿ ಎಲ್ಲರೂ ಹೂಗುಚ್ಛ ಕಳಿಸಿದರು.

ಮೊನ್ನೆ ಸಂಜೆ ದಾದಾ ಮತ್ತೆ ಬಂದರು. ಈ ಸಲ ಕೈಯಲ್ಲಿ ಡಬ್ಬ ಇರಲಿಲ್ಲ. ಒಳಗೆ ಬನ್ನಿ ಎಂದರೂ ಬರಲಿಲ್ಲ, ಶಾಫ್ಟಿನ ಬಾಗಿಲ ಹತ್ತಿರವೇ ನಿಂತರು.

"ಬೌದಿ, ನಿಮ್ಮ ಮನೆಯ ಮೇಲೇ ನಮ್ಮ ಮನೆ. ಮಾ ಮಲಗೋ ಕೋಣೆ ಈ ಶಾಫ್ಟಿಗೇ ಅಂಟಿಕೊಂಡಿದೆ. ಅವರಿಗೆ ತಾವಾಗಿ ಏಳೋಕಾಗಲ್ಲ." ನನ್ನ ಕಡೆ ತಿರುಗಿದರು. "ನಿಜ ಹೇಳಿ, ಏನೂ ಆಗಲ್ಲ ಅಲ್ವಾ?"

ಹೂಂ ಎಂದುಬಿಡೋಣ ಅನ್ನಿಸಿತು. ಪಾಪ, ಮುಖ ಅಷ್ಟು ಸಣ್ಣದಾಗಿತ್ತು. ಒಂದು ಮಾತಿನಿಂದ ಅವರಿಗೆ ನಿದ್ದೆ ಬರುತ್ತಿತ್ತು, ಲಿಫ್ಟಿನಲ್ಲಿ ನನಗೂ ನಮಸ್ಕಾರ ಸಿಗುತ್ತಿತ್ತು.

"ನನಗೆ ಗೊತ್ತಿಲ್ಲ ದಾದಾ" ಎಂದೆ. "ಸಹಿ ಹಾಕಿದವರಿಗೂ ಗೊತ್ತಿಲ್ಲ. ಇಂಥದ್ದನ್ನ ಸುಟ್ಟು ನೋಡಿದವರು ಯಾರೂ ಇಲ್ಲ."

ಅವರು ತಲೆ ಆಡಿಸಿದರು. ಮೆಟ್ಟಿಲು ಹತ್ತಿ ಹೋದರು.

ನಿನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ. ತಲೆಯ ಮೇಲೆ ಭಾರವಾದ ಮಂಚ ಎಳೆಯುವ ಸದ್ದು. ಶಾಫ್ಟಿನ ಗೋಡೆಯಿಂದ ಹೊರಟು, ನಮ್ಮ ಹಾಲಿನ ಮೇಲೆ ಹಾದು, ರಸ್ತೆ ಕಡೆಯ ಕೋಣೆಗೆ ಹೋಗಿ ನಿಂತಿತು.

ಸಹಿ ಸಿಕ್ಕಿತಲ್ಲ ದಾದಾ, ಮತ್ತೆ ಅಮ್ಮನ ಮಂಚ ಯಾಕೆ ಸರಿಸಿದಿರಿ?