ಗೆರೆ ಮುಟ್ಟಿದ ಬಾಣ

ಬಿಲ್ಲುಗಾರಿಕೆಯ ಪಂದ್ಯಕ್ಕೆಂದು ಮೈಸೂರಿಗೆ ಬಂದೆ. ಕುಂಬಾರಕೊಪ್ಪಲಿನ ಬಯಲಿನಲ್ಲಿ ಹುಲ್ಲಿನ ಗುರಿ ನಿಲ್ಲಿಸಿದ್ದರು. ನಡುವಿನ ಹಳದಿಗೆ ಒಂಬತ್ತು ಅಂಕ, ಅದರ ಸುತ್ತಲಿನ ಕೆಂಪಿಗೆ ಏಳು. ನಮ್ಮ ಅಂಕವನ್ನು ನಾವು ಹೇಳುವಂತಿಲ್ಲ, ಎದುರಾಳಿಯೇ ಕೂಗಬೇಕು ಎಂಬ ಇಲ್ಲಿಯ ನಿಯಮ ಕೇಳಿ ಅಳುಕಾಯಿತು.

ನನ್ನ ಎದುರಾಳಿ ಮೇಟಗಳ್ಳಿಯ ಹಿರಿಯ ರೈತ ಚಿಕ್ಕೇಗೌಡರು. ಅವರ ಬಾಣಗಳೆಲ್ಲ ಮುಗಿದು ನನ್ನ ಕೊನೆಯ ಬಾಣವೊಂದೇ ಉಳಿದಾಗ ಅವರು ಎಂಟು ಅಂಕ ಮುಂದಿದ್ದರು. ನನ್ನ ಬಾಣ ಕೆಂಪಿಗೆ ನಾಟಿತು.

"ಏಳೇ ಬಿಡಿ, ಗೌಡ್ರೇ, ನೀವೇ ಗೆದ್ರಿ," ಎಂದೆ.

ಗೌಡರು ಕನ್ನಡಕ ಹಾಕಿಕೊಂಡು ಗುರಿಯ ಮುಂದೆ ಮಂಡಿಯೂರಿದರು.

"ನೀವು ಹೇಳಂಗಿಲ್ಲ ಕಣ್ರೀ. ಹಳದಿ ಗೆರೆ ಮುಟ್ಬುಟ್ಟೈತೆ. ಮುಟ್ಟಿದ್ರೆ ಒಳಗಿನ ಲೆಕ್ಕವೇ," ಎಂದು ಗದರಿ, ಬಯಲಿಗೆಲ್ಲ ಕೇಳುವಂತೆ ಕೂಗಿದರು: "ಒಂಬತ್ತು!"

ತಮ್ಮ ಸೋಲನ್ನು ಅಷ್ಟು ಜೋರಾಗಿ ಕೂಗಿದವರಿಗೆ ಕೈ ಮುಗಿದೆ.