ಒಂದೇ ಕೊಳವೆಯ ಎರಡು ಲೈನು

ಆಸ್ಪತ್ರೆಯಲ್ಲಿ ಎಲ್ಲರಿಗೂ ಆಕೆ ವೈರಕ್ಕ. ಕಂಪ್ಯೂಟರು ಮುನಿಸಿಕೊಂಡರೆ ಸಾಕು, ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಒಂದೇ ಕೂಗು: "ವೈರಕ್ಕ, ಸ್ವಲ್ಪ ಬನ್ನಿ!" ಇಪ್ಪತ್ತೆರಡು ವರ್ಷ ಮೆಟ್ಟಿಲು ಹತ್ತಿಳಿದು ಮಂಡಿ ಸವೆಸಿಕೊಂಡವಳು. ನಿವೃತ್ತಿಗೆ ಇನ್ನೊಂದೇ ವರ್ಷ.

ಅಂದು ಆಡಳಿತ ಮಂಡಳಿಯ ಮುಂದೆ ಅರ್ಧ ಗಂಟೆ, ನೆಟ್‌ವರ್ಕು ವರ್ಷದಲ್ಲಿ ಎಷ್ಟು ಹೊತ್ತು ಕೈಕೊಡದೆ ನಡೆಯಬೇಕು ಎಂಬ ಚಾರ್ಟು ತೋರಿಸಿದಳು. ಅಯ್ಯೋ, ಆ ಚಾರ್ಟು! ಶೇಕಡಾ ತೊಂಬತ್ತೊಂಬತ್ತು, ಮುಂದೊಂದು ಚುಕ್ಕಿ, ಆಮೇಲೆ ಮತ್ತೆರಡು ಒಂಬತ್ತು. ಯಾರ ತಲೆಗೆ ಹತ್ತಬೇಕು? ಒಬ್ಬರು ಆಕಳಿಸಿದರು, ಇನ್ನೊಬ್ಬರು ಮೊಬೈಲಿನಲ್ಲಿ ಮುಳುಗಿದರು.

"ರಸ್ತೆಯಾಚೆ ಲ್ಯಾಬಿಗೆ ಎರಡು ನೆಟ್‌ವರ್ಕ್ ಲೈನ್ ಇದೆ ತಾನೇ?" ಎಂದರು ಅಧ್ಯಕ್ಷರು. "ಒಂದು ಕೈಕೊಟ್ರೆ ಇನ್ನೊಂದು. ಸುಮ್ನೆ ಯಾಕಮ್ಮ ಹೆದರಿಸ್ತೀರಿ? ಸೋಮವಾರ ಗೇಟ್ ಅಗಲ ಮಾಡೋ ಕೆಲಸ ಶುರು. ಅದನ್ನ ನಿಲ್ಸೋದು ಅಂದ್ರೇನು!"

ವೈರಕ್ಕನ ಚಾರ್ಟಿನಲ್ಲಿಲ್ಲದ ಒಂದು ಸಂಗತಿಯಿತ್ತು; ಆಕೆ ಅದನ್ನು ಹೇಳಿಕೊಂಡಿದ್ದು ಗಂಡನೊಬ್ಬನ ಹತ್ತಿರ. ಎಂಟು ವರ್ಷದ ಹಿಂದೆ ಎರಡನೇ ಲೈನಿಗೆ ಬೇರೆ ದಾರಿ ಅಗೆಯಬೇಕಿತ್ತು. ಕಂಟ್ರಾಕ್ಟರನ ಕೆಲಸಗಾರರು ಗೊಣಗಿದರು, ಆಕೆಗೂ ಅವಸರ. "ಹಳೇ ಕೊಳವೇಲೇ ತೂರಿಸಿಬಿಡ್ರಪ್ಪ" ಎಂದು ತಾನೇ ಸಹಿ ಹಾಕಿದ್ದಳು. ಈಗ ಬಾಯಿ ಬಿಟ್ಟರೆ ಕೆಲಸಕ್ಕೇ ಸಂಚಕಾರ.

ಲ್ಯಾಪ್‌ಟಾಪ್ ಮುಚ್ಚಿದಳು. "ಐದು ನಿಮಿಷ ಗೇಟಿನ ಹತ್ರ ಬನ್ನಿ ಸಾರ್."

ಅಧ್ಯಕ್ಷರೂ ಉಳಿದವರೂ ಗೊಣಗುತ್ತಲೇ ಬಂದರು. ಕಾವಲುಗಾರ ಕಬ್ಬಿಣದ ಮುಚ್ಚಳ ಎತ್ತಿದ. ಕೆಳಗೆ ಒಂದೇ ಕೊಳವೆ, ಅದರಲ್ಲಿ ಕಪ್ಪು ತಂತಿಯೊಂದು, ಕಿತ್ತಳೆ ತಂತಿಯೊಂದು.

"ನಿಮ್ಮ ಎರಡು ಲೈನ್ ಇವೇ ಸಾರ್. ಸೋಮವಾರ ಯಂತ್ರ ಅಗೆಯೋದು ಸರಿಯಾಗಿ ಇಲ್ಲೇ. ಒಂದೇ ಏಟಿಗೆ ಎರಡೂ ಹೋಗ್ತವೆ. ಜೋಡಿಸೋಕೆ ಏಳೆಂಟು ಗಂಟೆ ಬೇಕು. ಅಷ್ಟು ಹೊತ್ತು ರಕ್ತದ ರಿಪೋರ್ಟಿಗೆ ಆಪರೇಷನ್ ಕೋಣೇಲಿ ಕಾಯ್ತಾ ಕೂರಬೇಕು."

ಅಧ್ಯಕ್ಷರ ಮುಖ ಕೆಂಪಗಾಯಿತು. "ಯಾವ ಪುಣ್ಯಾತ್ಮ ಇದನ್ನ ಒಪ್ಪಿದ್ದು?"

ಕೆಲಸ ಬಿಟ್ಟು ಹೋದ ಕಂಟ್ರಾಕ್ಟರನ ಹೆಸರು ನಾಲಿಗೆ ತುದಿಗೇ ಬಂದಿತ್ತು. ವೈರಕ್ಕ ಅದನ್ನು ನುಂಗಿಕೊಂಡಳು.

"ನಾನೇ ಸಾರ್. ಸಹಿ ನಂದೇ."

ಅಧ್ಯಕ್ಷರು ಅಲ್ಲೇ ಫೋನ್ ಮಾಡಿ ಸೋಮವಾರದ ಕೆಲಸ ನಿಲ್ಲಿಸಿದರು. ಆಮೇಲೆ ಆಕೆಯ ಕಡೆ ನೋಡದೆ, "ನಾಳೆ ನನ್ನ ಕೋಣೆಗೆ ಬನ್ನಿ" ಎಂದು ಹೊರಟರು.

ಗಂಡನ ಫೋನ್ ಬಂತು. "ಏನಾಯ್ತೇ? ಅವರಿಗೆ ಅರ್ಥ ಆಯ್ತಾ?"

"ಆಯ್ತು ಕಣ್ರೀ," ಎನ್ನುವಷ್ಟರಲ್ಲಿ ಆಕೆಗೆ ಅಳು ಒತ್ತರಿಸಿ ಬಂತು. "ಎಲ್ಲಾ ಅರ್ಥ ಆಯ್ತು."